ಮನೆಯೊಳಗೇ ದೌರ್ಜನ್ಯಕ್ಕೆ ಸಿಕ್ಕ ಗಂಡಸರಿಗೆ, ತಂದೆಯರಿಗೆ ನೆರವು ಎಲ್ಲಿದೆ? ಅದನ್ನು ಹುಡುಕುವುದು ಹೇಗೆ?

ಹೆಂಡತಿಯಿಂದಲೋ ಸಂಗಾತಿಯಿಂದಲೋ ಹಿಂಸೆ ಅನುಭವಿಸುತ್ತಿರುವ ಗಂಡಸು ಅಂತರ್ಜಾಲದಲ್ಲಿ ಸಹಾಯ ಹುಡುಕಲು ಕುಳಿತರೆ ಮೊದಲು ಕಣ್ಣಿಗೆ ಬೀಳುವುದು ಮಹಿಳಾ ಸಹಾಯವಾಣಿಗಳ ಪಟ್ಟಿ. ಅದರ ಕೆಳಗೆ ವಿಚ್ಛೇದನದ ವಕೀಲರ ಜಾಹೀರಾತುಗಳು, ಇನ್ನೂ ಕೆಳಗೆ ಗಂಡು ಹೆಚ್ಚು ನೊಂದವನೋ ಹೆಣ್ಣು ಹೆಚ್ಚು ನೊಂದವಳೋ ಎಂಬ ಕೊನೆಯಿಲ್ಲದ ವಾದವಿವಾದ. ಆ ರಾತ್ರಿ ಎಲ್ಲಿ ಮಲಗಬೇಕು, ಗಾಯವನ್ನು ಯಾರಿಗೆ ತೋರಿಸಬೇಕು, ಮಕ್ಕಳನ್ನು ಬಿಟ್ಟು ಹೊರಗೆ ಕಾಲಿಟ್ಟರೆ ಮುಂದೇನಾದೀತು ಎಂಬ ಪ್ರಶ್ನೆಗಳಿಗೆ ಅಲ್ಲಿ ಉತ್ತರ ಸಿಗುವುದು ಅಪರೂಪ. ಹೀಗಾಗಿ ಅನೇಕರು ತಮಗೆ ನೆರವೇ ಇಲ್ಲವೆಂದು ತೀರ್ಮಾನಿಸಿ ಹುಡುಕಾಟವನ್ನು ಅಲ್ಲಿಗೇ ಕೈಬಿಡುತ್ತಾರೆ.

ಆ ತೀರ್ಮಾನ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ‘ಪುರುಷರಿಗಾಗಿ’ ಎಂಬ ಫಲಕ ಹೊತ್ತ ಸೇವೆಗಳು ಬಹುತೇಕ ದೇಶಗಳಲ್ಲಿ ಬೆರಳೆಣಿಕೆಯಷ್ಟೇ ಇವೆ. ಆದರೆ ಎಲ್ಲರಿಗೂ ತೆರೆದಿರುವ, ಫಲಕದ ಮೇಲೆ ಹಾಗೆಂದು ಬರೆದುಕೊಳ್ಳದ ಸೇವೆಗಳು ಅದಕ್ಕಿಂತ ಎಷ್ಟೋ ಹೆಚ್ಚು. ದೊಡ್ಡ ಆಸ್ಪತ್ರೆಗೆ ಹೋದವನು ವಿಭಾಗದ ಹೆಸರು ಗೊತ್ತಿಲ್ಲದಿದ್ದರೂ ನೋವು ಎಲ್ಲಿದೆಯೆಂದು ಹೇಳಿದರೆ, ಚೀಟಿ ಬರೆಯುವವರೇ ಯಾವ ಕೊಠಡಿಗೆ ಹೋಗಬೇಕೆಂದು ತಿಳಿಸುತ್ತಾರೆ. ಇಲ್ಲಿಯೂ ಅದೇ ಕ್ರಮ ಹೆಚ್ಚು ಫಲ ಕೊಡುತ್ತದೆ: ಸೇವೆಯ ಹೆಸರು ಹಿಡಿದು ಹುಡುಕುವ ಬದಲು ಈಗ ಬೇಕಾಗಿರುವುದು ಏನೆಂದು ಗುರುತಿಸಿಕೊಂಡು ಹುಡುಕುವುದು.

ಯಾವುದನ್ನು ಕೌಟುಂಬಿಕ ದೌರ್ಜನ್ಯ ಎನ್ನುತ್ತಾರೆ?

ಕುಟುಂಬದ ಸದಸ್ಯರೊಬ್ಬರು ಅಥವಾ ಸಂಗಾತಿ ಇನ್ನೊಬ್ಬರನ್ನು ಹೆದರಿಸಿ ಹತೋಟಿಯಲ್ಲಿಡಲು ನಡೆಸುವ ಹಿಂಸೆಯನ್ನು ಸ್ಥೂಲವಾಗಿ ಕೌಟುಂಬಿಕ ದೌರ್ಜನ್ಯ ಎನ್ನಲಾಗುತ್ತದೆ. ಹೊಡೆತ ಅದರ ಒಂದು ರೂಪ ಮಾತ್ರ. ಸಂಬಳವನ್ನು ಪೂರ್ತಿ ಕಿತ್ತುಕೊಳ್ಳುವುದು, ಫೋನನ್ನು ದಿನವೂ ತಪಾಸಣೆ ಮಾಡುವುದು, ಒಡಹುಟ್ಟಿದವರ ಜೊತೆ ಮಾತು ಬಿಡಿಸುವುದು, ನಿದ್ದೆಗೆ ಅಥವಾ ಊಟಕ್ಕೆ ಅಡ್ಡಿಪಡಿಸುವುದು, ಇಷ್ಟವಿಲ್ಲದ ಲೈಂಗಿಕ ಕ್ರಿಯೆಗೆ ಒತ್ತಾಯಿಸುವುದು, ‘ಹೊರಗೆ ಹೋದರೆ ಮಕ್ಕಳ ಮುಖ ನೋಡಲು ಬಿಡುವುದಿಲ್ಲ’ ಎಂದು ಬೆದರಿಸುವುದು ಎಲ್ಲವೂ ಇದರೊಳಗೆ ಬರುತ್ತವೆ. ಇಂಥವು ಒಂದಕ್ಕೊಂದು ಹೆಣೆದುಕೊಂಡು ಒಬ್ಬ ವ್ಯಕ್ತಿಯ ದಿನಚರಿಯನ್ನೇ ಇನ್ನೊಬ್ಬರು ಆಳತೊಡಗಿದಾಗ ಅದನ್ನು ದಬ್ಬಾಳಿಕೆಯ ನಿಯಂತ್ರಣ ಎಂದು ಕರೆಯುತ್ತಾರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇದು 2015ರ ಡಿಸೆಂಬರ್‌ನಿಂದ ಪ್ರತ್ಯೇಕ ಅಪರಾಧವಾಗಿದೆ. ಐರ್ಲೆಂಡ್ ಮತ್ತು ಸ್ಕಾಟ್ಲೆಂಡ್‌ಗಳಲ್ಲಿ ಇಂಥ ಕಾನೂನುಗಳು 2019ರಲ್ಲಿ ಜಾರಿಗೆ ಬಂದವು.

ಆ ಕಾನೂನಿನಡಿ ಇಂಗ್ಲೆಂಡ್‌ನಲ್ಲಿ ಮೊದಲ ಬಾರಿಗೆ ಮಹಿಳೆಯೊಬ್ಬರಿಗೆ ಶಿಕ್ಷೆಯಾದ ಪ್ರಕರಣವನ್ನು ಹತ್ತಿರದಿಂದ ನೋಡಿದರೆ ಈ ವಿಷಯದ ಬಹುಪಾಲು ಗಂಟುಗಳು ಕಾಣುತ್ತವೆ. 2018ರಲ್ಲಿ ಲೂಟನ್ ನಗರದ ನ್ಯಾಯಾಲಯ ಆಕೆಗೆ ಏಳೂವರೆ ವರ್ಷಗಳ ಸೆರೆವಾಸ ವಿಧಿಸಿತು. ಸಂತ್ರಸ್ತ ಇಪ್ಪತ್ತರ ಆಸುಪಾಸಿನ ಯುವಕ, ಇಬ್ಬರು ಮಕ್ಕಳ ತಂದೆ. ಆಕೆ ಮೊದಲು ಅವನ ಉಡುಪಿನ ವಿಚಾರದಲ್ಲಿ ತಲೆಹಾಕಿದಳು, ಆಮೇಲೆ ಅವನನ್ನು ಕುಟುಂಬದಿಂದಲೂ ಗೆಳೆಯರಿಂದಲೂ ದೂರ ಮಾಡಿದಳು, ಅನಂತರ ಅನ್ನಕ್ಕೆ ಕತ್ತರಿ ಹಾಕಿದಳು. ಕೊನೆಕೊನೆಗೆ ಚಾಕುವಿನ ಇರಿತ ಮತ್ತು ಕುದಿಯುವ ನೀರು. ಕೇಳಿದವರಿಗೆಲ್ಲ ಅವನು ಗಾಯಗಳಿಗೆ ಬೇರೆ ಬೇರೆ ಕಾರಣ ಹೇಳಿ ಮುಚ್ಚಿಟ್ಟಿದ್ದ. ಪೊಲೀಸರು ಅವನೊಬ್ಬನನ್ನೇ ಬೇರೆ ಕರೆದೊಯ್ದು ಮಾತನಾಡಿಸಿದ ಮೇಲಷ್ಟೇ ನಿಜ ಹೊರಬಂತು. ಸಂತ್ರಸ್ತನನ್ನು ಒಂಟಿಯಾಗಿ ಮಾತನಾಡಿಸಬೇಕೆಂದು ವೈದ್ಯರಿಗೂ ಪೊಲೀಸರಿಗೂ ನೀಡುವ ತರಬೇತಿಯಲ್ಲಿ ಒತ್ತಿ ಹೇಳುವುದು ಇದೇ ಕಾರಣಕ್ಕೆ.

ಕೌಟುಂಬಿಕ ದೌರ್ಜನ್ಯ ಎಂದರೆ ಹೆಂಡತಿಯಿಂದ ಗಂಡನಿಗೆ ಆಗುವುದಷ್ಟೇ ಅಲ್ಲ. ಪುರುಷ ಸಂಗಾತಿಯ ಕೈಯಲ್ಲಿ ನೋಯುವ ಪುರುಷರಿದ್ದಾರೆ. ಬೆಳೆದ ಮಗನಿಂದಲೋ ಮಗಳಿಂದಲೋ ಏಟು ತಿನ್ನುವ ವಯಸ್ಸಾದ ತಂದೆಯರೂ ಇದ್ದಾರೆ. ಈ ಕೊನೆಯವರಿಗೆ ಬೇಕಾದ ಬಾಗಿಲು ಅನೇಕ ಕಡೆ ಹಿರಿಯ ನಾಗರಿಕರ ವಿಭಾಗದಲ್ಲಿರುತ್ತದೆ, ಮತ್ತು ಹುಡುಕುವವರಿಗೆ ಅದು ಬೇಗ ಹೊಳೆಯುವುದಿಲ್ಲ.

ಫಲಕದ ಮೇಲೆ ‘ಮಹಿಳೆ’ ಎಂದೇಕೆ ಇರುತ್ತದೆ?

ಇದಕ್ಕೆ ಚರಿತ್ರೆಯೂ ಇದೆ, ಲೆಕ್ಕವೂ ಇದೆ. 1971ರಲ್ಲಿ ಲಂಡನ್ನಿನ ಚಿಸ್ವಿಕ್‌ನಲ್ಲಿ ಎರಿನ್ ಪಿಝಿ ತೆರೆದ ಮನೆ ಆಧುನಿಕ ಕಾಲದ ಮೊದಲ ಆಶ್ರಯಧಾಮಗಳಲ್ಲಿ ಒಂದು. ಗಂಡನ ಹೊಡೆತಕ್ಕೆ ಓಡಿಬಂದ ಹೆಂಗಸರು ಮತ್ತು ಮಕ್ಕಳಿಗಾಗಿ ಅದು ಹುಟ್ಟಿತು. ಮುಂದಿನ ದಶಕಗಳಲ್ಲಿ ಬಂದ ಸಹಾಯವಾಣಿ, ಕಾನೂನು, ಅನುದಾನಗಳೆಲ್ಲ ಮಹಿಳಾ ಸಂಘಟನೆಗಳ ಹೋರಾಟದ ಫಲ. ಆದ್ದರಿಂದ ಅವುಗಳ ಹೆಸರಿನಲ್ಲಿಯೂ ಅದೇ ಮುದ್ರೆ ಉಳಿದಿದೆ. ಇನ್ನು ಲೆಕ್ಕಕ್ಕೆ ಬಂದರೆ, ಅತಿ ತೀವ್ರವಾದ ಹಿಂಸೆಗೆ ಸಿಕ್ಕವರಲ್ಲಿ, ಸಂಗಾತಿಯ ಕೈಯಲ್ಲಿ ಕೊಲೆಯಾದವರಲ್ಲಿ ಹೆಂಗಸರೇ ಹೆಚ್ಚು ಎಂಬುದು ಜಗತ್ತಿನಾದ್ಯಂತ ಕಾಣುವ ಸಂಗತಿ.

ಹಾಗೆಂದು ಗಂಡಸರ ಸಂಖ್ಯೆ ಅಲಕ್ಷಿಸುವಷ್ಟು ಚಿಕ್ಕದಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಅಧಿಕೃತ ಅಪರಾಧ ಸಮೀಕ್ಷೆಯ ಅಂದಾಜಿನಂತೆ, 2020ರ ಮಾರ್ಚ್‌ಗೆ ಕೊನೆಗೊಂಡ ಒಂದು ವರ್ಷದಲ್ಲಿ 16ರಿಂದ 74 ವರ್ಷದೊಳಗಿನ ಸುಮಾರು 16 ಲಕ್ಷ ಮಹಿಳೆಯರು ಮತ್ತು 7.57 ಲಕ್ಷ ಪುರುಷರು ಕೌಟುಂಬಿಕ ದೌರ್ಜನ್ಯ ಅನುಭವಿಸಿದ್ದರು. ಅಂದರೆ ಸರಿಸುಮಾರು ಮೂವರು ಸಂತ್ರಸ್ತರಲ್ಲಿ ಒಬ್ಬರು ಪುರುಷರು. ಆದರೆ ನೆರವು ಕೇಳಿ ಬರುವವರಲ್ಲಿ ಅವರ ಪಾಲು ಇದಕ್ಕಿಂತ ಬಹಳ ಕಡಿಮೆ. ನಗೆಪಾಟಲಾಗುವ ಭಯ, ‘ಗಂಡಸಾಗಿ ತಿರುಗಿ ಹೊಡೆಯಲಿಲ್ಲವೇ’ ಎಂಬ ಮಾತಿನ ಭಯ, ತನ್ನ ಮೇಲೆಯೇ ದೂರು ದಾಖಲಾದೀತೆಂಬ ಭಯ, ಎಲ್ಲಕ್ಕಿಂತ ಮಿಗಿಲಾಗಿ ಮಕ್ಕಳನ್ನು ಕಳೆದುಕೊಳ್ಳುವ ಭಯ ಅವರನ್ನು ತಡೆಯುತ್ತವೆ.

ಯಾವ ಅಗತ್ಯಕ್ಕೆ ಯಾವ ಬಾಗಿಲು?

ಜೀವಕ್ಕೆ ಅಪಾಯವಿರುವ ಕ್ಷಣದಲ್ಲಿ ಹುಡುಕಾಟಕ್ಕೆ ಸಮಯವಿರುವುದಿಲ್ಲ. ಆಗ ಆಯಾ ದೇಶದ ತುರ್ತು ಸಂಖ್ಯೆಗೆ ಕರೆ ಮಾಡುವುದೇ ಸರಿ, ಮತ್ತು ಅದಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ. ಕುತ್ತಿಗೆ ಹಿಸುಕಿದ್ದರೆ, ಆಯುಧ ಬಳಸಿದ್ದರೆ, ಕೊಲ್ಲುವ ಬೆದರಿಕೆ ಇದ್ದರೆ ಅದನ್ನು ಮೊದಲ ವಾಕ್ಯದಲ್ಲೇ ಹೇಳಬೇಕು. ಅಪಾಯವನ್ನು ಅಳೆಯುವವರು ಮೊದಲು ಗಮನಿಸುವುದು ಈ ಮೂರನ್ನೇ.

ಗಾಯವಾಗಿದ್ದರೆ ಎರಡನೆಯ ಬಾಗಿಲು ಆಸ್ಪತ್ರೆ. ‘ಮೆಟ್ಟಿಲಿನಿಂದ ಜಾರಿಬಿದ್ದೆ’ ಎಂದರೆ ವೈದ್ಯರು ಹಾಗೆಯೇ ಬರೆದುಕೊಳ್ಳುತ್ತಾರೆ, ಮತ್ತು ಆ ಒಂದು ಸಾಲು ತಿಂಗಳುಗಳ ನಂತರ ನ್ಯಾಯಾಲಯದಲ್ಲಿ ಅವನ ವಿರುದ್ಧವೇ ನಿಲ್ಲಬಹುದು. ಯಾರು, ಯಾವಾಗ, ಯಾವುದರಿಂದ ಹೊಡೆದರೆಂಬುದನ್ನು ನಿಜವಾಗಿ ಹೇಳಿ ಬರೆಸಿದರೆ ಚಿಕಿತ್ಸೆಯ ಚೀಟಿಯೇ ಮುಂದೆ ಸಾಕ್ಷ್ಯವಾಗುತ್ತದೆ.

ಮೂರನೆಯದು ಸಹಾಯವಾಣಿ. ಇದನ್ನು ಕೆಳಗೆ ಬೇರೆಯಾಗಿ ನೋಡೋಣ.

ಉಳಿದುಕೊಳ್ಳಲು ಜಾಗ ಸಿಗುವುದೇ ಎಲ್ಲಕ್ಕಿಂತ ಕಷ್ಟ. ಗಂಡಸರಿಗಾಗಿಯೇ ಇರುವ ಆಶ್ರಯಧಾಮಗಳು ಶ್ರೀಮಂತ ದೇಶಗಳಲ್ಲಿಯೂ ವಿರಳ. ಅಮೆರಿಕದ ಡಲ್ಲಾಸ್‌ನಲ್ಲಿ ಅಂಥದ್ದೊಂದು 2017ರಲ್ಲಿ ತೆರೆದಾಗ ಅದು ಸುದ್ದಿಯಾಗಿತ್ತು. ಮಹಿಳೆಯರೇ ವಾಸಿಸುವ ಧಾಮಕ್ಕೆ ಗಂಡಸರನ್ನು ಸೇರಿಸಿಕೊಳ್ಳದ ಸಂಸ್ಥೆಗಳು ಕೂಡ ಕೆಲವೊಮ್ಮೆ ಹೋಟೆಲಿನಲ್ಲಿ ಕೆಲವು ದಿನ ಇರಲು ಹಣ ನೀಡುತ್ತವೆ, ಅಥವಾ ಬಾಡಿಗೆ ಮನೆ ಹುಡುಕಲು ನೆರವಾಗುತ್ತವೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ‘ನಿಮ್ಮಲ್ಲಿ ಗಂಡಸರಿಗೆ ಜಾಗವಿದೆಯೇ’ ಎಂಬುದಷ್ಟೇ ಅಲ್ಲ. ‘ನನಗೂ ಮಕ್ಕಳಿಗೂ ಈ ವಾರ ಸುರಕ್ಷಿತವಾಗಿ ಮಲಗಲು ನೀವು ಏನು ವ್ಯವಸ್ಥೆ ಮಾಡಬಲ್ಲಿರಿ’ ಎಂದು ಕೇಳಿದರೆ ಉತ್ತರ ಬದಲಾಗುವುದುಂಟು.

ಇನ್ನು ನ್ಯಾಯಾಲಯದ ರಕ್ಷಣಾದೇಶ. ಹಿಂಸಿಸುವವರು ಹತ್ತಿರ ಬರಬಾರದು, ಸಂಪರ್ಕಿಸಬಾರದು, ಕೆಲವೊಮ್ಮೆ ಮನೆಯನ್ನೇ ಬಿಟ್ಟು ಹೋಗಬೇಕು ಎಂದು ನ್ಯಾಯಾಧೀಶರು ಹೊರಡಿಸುವ ಆದೇಶವಿದು. ಅನೇಕ ದೇಶಗಳಲ್ಲಿ ಇದನ್ನು ಯಾರು ಬೇಕಾದರೂ ಕೋರಬಹುದು. ಮನೆಯ ಬಾಡಿಗೆಯನ್ನೋ ಸಾಲವನ್ನೋ ತಾನೇ ಕಟ್ಟುತ್ತಿರುವ ತಂದೆಗೆ ಆಶ್ರಯಧಾಮಕ್ಕಿಂತ ಇಂಥ ಆದೇಶವೇ ಹೆಚ್ಚು ಉಪಯುಕ್ತವಾಗಬಹುದು, ಏಕೆಂದರೆ ಮಕ್ಕಳು ತಮ್ಮ ಕೋಣೆಯನ್ನಾಗಲಿ ಶಾಲೆಯನ್ನಾಗಲಿ ಬಿಡಬೇಕಾಗುವುದಿಲ್ಲ.

ಸಹಾಯವಾಣಿಗೆ ಕರೆ ಮಾಡಿದಾಗ ಏನಾಗುತ್ತದೆ?

ಕರೆ ಸ್ವೀಕರಿಸುವವರು ಸಾಮಾನ್ಯವಾಗಿ ಮೊದಲು ಕೇಳುವುದು, ಈಗ ನೀವು ಸುರಕ್ಷಿತ ಜಾಗದಲ್ಲಿದ್ದೀರಾ, ಮಾತನಾಡುವುದನ್ನು ಯಾರಾದರೂ ಕೇಳಿಸಿಕೊಳ್ಳುವ ಸಾಧ್ಯತೆಯಿದೆಯೇ ಎಂದು. ಹೆಸರು ಹೇಳುವುದು ಬಹುತೇಕ ಕಡೆ ಕಡ್ಡಾಯವಲ್ಲ. ಅನಂತರ ಅವರು ನಡೆದದ್ದನ್ನು ಕೇಳುತ್ತಾರೆ, ಅಪಾಯದ ಮಟ್ಟವನ್ನು ಅಂದಾಜಿಸುತ್ತಾರೆ, ಮನೆ ಬಿಡುವುದಿದ್ದರೆ ಯಾವಾಗ, ಹೇಗೆ, ಏನನ್ನು ಜೊತೆಗೆ ತೆಗೆದುಕೊಂಡು ಎಂಬುದರ ಯೋಜನೆಯನ್ನು ಒಟ್ಟಾಗಿ ರೂಪಿಸುತ್ತಾರೆ. ಇದಕ್ಕೆ ಸುರಕ್ಷತಾ ಯೋಜನೆ ಎನ್ನುತ್ತಾರೆ. ಇದು ಮುಖ್ಯ, ಏಕೆಂದರೆ ಬಿಟ್ಟು ಹೋಗುವ ಸುಳಿವು ಸಿಕ್ಕ ಹೊತ್ತಿನಲ್ಲಿಯೇ ಹಿಂಸೆ ಉಲ್ಬಣಿಸುವುದು ಹೆಚ್ಚು.

ಇಲ್ಲಿ ಗಂಡಸರಿಗೆ ಇರಿಸುಮುರಿಸಾಗುವ ಒಂದು ಘಟ್ಟವಿದೆ. ‘ನೀವು ಯಾವತ್ತಾದರೂ ಕೈಯೆತ್ತಿದ್ದೀರಾ?’, ‘ಜಗಳವಾದಾಗ ಮನೆಯಲ್ಲಿ ಯಾರು ಯಾರಿಗೆ ಹೆದರುತ್ತಾರೆ?’, ‘ಹಣದ ನಿರ್ಧಾರ ಯಾರದು?’ ಎಂಬಂಥ ಪ್ರಶ್ನೆಗಳು ಬರುತ್ತವೆ. ತನ್ನನ್ನೇ ಅನುಮಾನಿಸುತ್ತಿದ್ದಾರೆಂದು ಭಾವಿಸಿ ಕರೆ ಕಡಿದುಬಿಡುವವರಿದ್ದಾರೆ. ಆದರೆ ಈ ಪ್ರಶ್ನೆಗಳಿಗೆ ಕಾರಣವಿದೆ. ಹಿಂಸಿಸುವವರು ಕೂಡ ತಾವೇ ಸಂತ್ರಸ್ತರೆಂದು ಹೇಳಿಕೊಂಡು ಕರೆ ಮಾಡುವುದುಂಟು. ಸಂತ್ರಸ್ತರು ತಮ್ಮನ್ನು ಉಳಿಸಿಕೊಳ್ಳಲು ಒಮ್ಮೆ ತಳ್ಳಿದ್ದನ್ನೇ ದೊಡ್ಡ ತಪ್ಪೆಂದು ಭಾವಿಸಿರುವುದೂ ಉಂಟು. ಯಾರ ಬದುಕು ಯಾರ ಹಿಡಿತದಲ್ಲಿದೆ ಎಂಬುದು ಸ್ಪಷ್ಟವಾಗದೆ ಸರಿಯಾದ ನೆರವನ್ನು ಸೂಚಿಸಲಾಗದು. ನಡೆದದ್ದನ್ನು ನಡೆದಂತೆಯೇ, ತಾನು ತಿರುಗಿಬಿದ್ದಿದ್ದರೆ ಅದನ್ನೂ ಸೇರಿಸಿ ಹೇಳುವವನ ಮಾತಿಗೆ ಅಲ್ಲಿ ಹೆಚ್ಚು ತೂಕ ಸಿಗುತ್ತದೆ.

ಮೊದಲ ಕರೆಯಲ್ಲೇ ಸರಿಯಾದ ವ್ಯಕ್ತಿ ಸಿಗದೇ ಇರಬಹುದು. ಅಮೆರಿಕದಲ್ಲಿ ಡೆನಿಸ್ ಹೈನ್ಸ್ ಮತ್ತು ಎಮಿಲಿ ಡಗ್ಲಸ್ ಎಂಬ ಸಂಶೋಧಕಿಯರು ಸಂಗಾತಿಯಿಂದ ಹಿಂಸೆಗೊಳಗಾಗಿ ನೆರವು ಹುಡುಕಿದ್ದ 302 ಪುರುಷರನ್ನು ಅಧ್ಯಯನ ಮಾಡಿದಾಗ, ಹೆಚ್ಚು ಜನರಿಗೆ ಒಳ್ಳೆಯ ಅನುಭವವಾದದ್ದು ಗೆಳೆಯರು, ಮನೆಯವರು, ವೈದ್ಯರು ಮತ್ತು ಮಾನಸಿಕ ಆರೋಗ್ಯ ತಜ್ಞರಿಂದ. ಪೊಲೀಸರು ಹಾಗೂ ದೌರ್ಜನ್ಯ ತಡೆ ಸಂಸ್ಥೆಗಳ ಬಗ್ಗೆ ದೂರುಗಳೇ ಹೆಚ್ಚಾಗಿದ್ದವು. ಹೀಗಾಗಿ ಒಂದು ಸಂಸ್ಥೆ ಕೈಚೆಲ್ಲಿದರೆ ಇನ್ನೊಂದು ಬಗೆಯ ಬಾಗಿಲನ್ನು, ಉದಾಹರಣೆಗೆ ಕುಟುಂಬ ವೈದ್ಯರನ್ನು, ತಟ್ಟುವುದರಲ್ಲಿ ಅರ್ಥವಿದೆ. ಕರೆ ಮುಗಿಸುವ ಮುನ್ನ ‘ನಿಮ್ಮಿಂದ ಆಗದಿದ್ದರೆ ಯಾರನ್ನು ಕೇಳಲಿ’ ಎಂದು ವಿಚಾರಿಸಿ ಆ ಹೆಸರನ್ನು ಬರೆದುಕೊಳ್ಳುವುದನ್ನು ಮರೆಯಬಾರದು.

ದೇಶದಿಂದ ದೇಶಕ್ಕೆ ವ್ಯತ್ಯಾಸ

ಬ್ರಿಟನ್ನಿನಲ್ಲಿ ಪುರುಷರಿಗಾಗಿಯೇ ‘ಮೆನ್ಸ್ ಅಡ್ವೈಸ್ ಲೈನ್’ ಇದೆ, ‘ಮ್ಯಾನ್‌ಕೈಂಡ್ ಇನಿಶಿಯೇಟಿವ್’ ಎಂಬ ದತ್ತಿ ಸಂಸ್ಥೆಯೂ ಇದೆ. ಸಲಿಂಗಿ ಪುರುಷರಿಗೆ ‘ಗ್ಯಾಲಪ್’ ಸಂಸ್ಥೆ ನೆರವಾಗುತ್ತದೆ. ಅಲ್ಲಿನ 2021ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಸಂತ್ರಸ್ತರನ್ನು ಗಂಡು ಹೆಣ್ಣೆಂದು ವಿಂಗಡಿಸುವುದಿಲ್ಲ. ಐರ್ಲೆಂಡ್‌ನಲ್ಲಿ ‘ಮೆನ್ಸ್ ಏಡ್’ ಇದೆ. ಆಸ್ಟ್ರೇಲಿಯಾದ 1800 737 732 ಸಂಖ್ಯೆಯ ರಾಷ್ಟ್ರೀಯ ಸೇವೆ ಎಲ್ಲರಿಗೂ ತೆರೆದಿದೆ. ‘ಮೆನ್ಸ್‌ಲೈನ್ ಆಸ್ಟ್ರೇಲಿಯಾ’ ಗಂಡಸರಿಗೆ ದೂರವಾಣಿಯಲ್ಲೇ ಆಪ್ತಸಮಾಲೋಚನೆ ನೀಡುತ್ತದೆ.

ಅಮೆರಿಕದ ರಾಷ್ಟ್ರೀಯ ಕೌಟುಂಬಿಕ ದೌರ್ಜನ್ಯ ಸಹಾಯವಾಣಿ 1996ರಿಂದ ನಡೆಯುತ್ತಿದೆ, ಅದು ಯಾರ ಕರೆಯನ್ನಾದರೂ ಸ್ವೀಕರಿಸುತ್ತದೆ. ಅಲ್ಲಿ ಸಂಸ್ಥೆಗಳಿಗೆ ಅನುದಾನ ಕೊಡುವ 1994ರ ಕಾಯ್ದೆಯ ಹೆಸರಿನಲ್ಲಿಯೇ ‘ಮಹಿಳೆಯರ ಮೇಲಿನ ಹಿಂಸೆ’ ಎಂದಿದ್ದರೂ, 2013ರ ತಿದ್ದುಪಡಿಯ ಪ್ರಕಾರ ಆ ಹಣ ಪಡೆಯುವವರು ಲಿಂಗದ ಕಾರಣಕ್ಕೆ ಯಾರಿಗೂ ಸೇವೆ ನಿರಾಕರಿಸುವಂತಿಲ್ಲ. ಪ್ರತ್ಯೇಕ ವಸತಿ ಅನಿವಾರ್ಯವಾದರೆ ಸಮಾನವಾದ ಬೇರೆ ವ್ಯವಸ್ಥೆ ಮಾಡಬೇಕು. ಫಲಕ ನೋಡಿ ಹಿಂದಿರುಗಬಾರದು ಎಂಬುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಬೇಕಿಲ್ಲ.

ಭಾರತದ ಸ್ಥಿತಿ ಬೇರೆ. 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯಡಿ ಅರ್ಜಿ ಹಾಕುವ ನೊಂದ ವ್ಯಕ್ತಿ ಮಹಿಳೆಯೇ ಆಗಿರಬೇಕು. ಆ ಕಾಯ್ದೆಯ ರಕ್ಷಣಾದೇಶ ಪುರುಷನಿಗೆ ಸಿಗುವುದಿಲ್ಲ. ಆದರೆ ಹಲ್ಲೆ, ಬೆದರಿಕೆ, ಅಕ್ರಮವಾಗಿ ಕೂಡಿಹಾಕುವುದು ಮುಂತಾದವುಗಳ ಕುರಿತ ಭಾರತೀಯ ನ್ಯಾಯ ಸಂಹಿತೆಯ ಕಲಮುಗಳಲ್ಲಿ ಸಂತ್ರಸ್ತನ ಲಿಂಗ ಮುಖ್ಯವಲ್ಲ. ಹಿಂದೂ ವಿವಾಹ ಕಾಯ್ದೆಯಲ್ಲೂ ವಿಶೇಷ ವಿವಾಹ ಕಾಯ್ದೆಯಲ್ಲೂ ಕ್ರೌರ್ಯದ ಕಾರಣಕ್ಕೆ ಗಂಡನೂ ವಿಚ್ಛೇದನ ಕೋರಬಹುದು. ಮಕ್ಕಳಿಂದ ಕಿರುಕುಳ ಅನುಭವಿಸುವ ವೃದ್ಧ ತಂದೆಗೆ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ ನ್ಯಾಯಮಂಡಳಿಯಿದೆ. ನೋಡಿಕೊಳ್ಳುವುದಾಗಿ ಷರತ್ತು ಹಾಕಿ ಬರೆಸಿಕೊಂಡ ಆಸ್ತಿಯ ಪತ್ರವನ್ನು, ಮಾತಿಗೆ ತಪ್ಪಿದಾಗ ಅಸಿಂಧುಗೊಳಿಸುವ ಅಧಿಕಾರ ಆ ಮಂಡಳಿಗಿದೆ. ತುರ್ತಿಗೆ 112, ಮನಸ್ಸು ಕುಸಿದಿದ್ದರೆ ಟೆಲಿ ಮಾನಸ್‌ನ 14416, ಹಿರಿಯರಿಗೆ 14567, ಉಚಿತ ಕಾನೂನು ನೆರವಿಗೆ 15100. ಉಚಿತ ವಕೀಲರನ್ನು ಪಡೆಯಲು ಸಾಮಾನ್ಯವಾಗಿ ಪುರುಷರಿಗೆ ಆದಾಯದ ಮಿತಿಯಿದೆ. ಪರಿಶಿಷ್ಟ ಜಾತಿ, ಪಂಗಡದವರಿಗೂ ಅಂಗವಿಕಲರಿಗೂ ಆ ಮಿತಿ ಅನ್ವಯಿಸುವುದಿಲ್ಲ.

ತಂದೆಯಾದವನ ಇಕ್ಕಟ್ಟು

ಮಕ್ಕಳಿಲ್ಲದವನು ಒಂದು ಚೀಲ ಹಿಡಿದು ಹೊರಟುಬಿಡಬಹುದು. ತಂದೆಗೆ ಅದು ಸುಲಭವಲ್ಲ. ಮಕ್ಕಳನ್ನು ಬಿಟ್ಟು ಹೋದರೆ ಅವರು ಹಿಂಸಿಸುವವರ ಬಳಿಯೇ ಉಳಿಯುತ್ತಾರೆ, ಜೊತೆಗೆ ಮಕ್ಕಳ ದಿನನಿತ್ಯದ ಪಾಲನೆ ಇನ್ನೊಬ್ಬರದೇ ಎಂಬ ಸ್ಥಿತಿ ನೆಲೆಗೊಂಡು ಮುಂದೆ ನ್ಯಾಯಾಲಯ ಅದನ್ನೇ ಮುಂದುವರಿಸುವ ಸಂಭವವಿರುತ್ತದೆ. ಹೇಳದೆ ಕೇಳದೆ ಕರೆದುಕೊಂಡು ಹೋದರೆ ಅಪಹರಣದ ಆರೋಪ ಎದುರಾಗಬಹುದು. ಗಡಿ ದಾಟಿದರಂತೂ ತೊಡಕು ಇನ್ನೂ ಹೆಚ್ಚು: 1980ರ ಹೇಗ್ ಒಪ್ಪಂದಕ್ಕೆ ಸಹಿ ಹಾಕಿರುವ ದೇಶಗಳು, ಒಬ್ಬ ಪೋಷಕರು ಅಕ್ರಮವಾಗಿ ಹೊರದೇಶಕ್ಕೆ ಒಯ್ದ ಮಗುವನ್ನು ಸಾಮಾನ್ಯವಾಗಿ ಅದರ ವಾಸದ ದೇಶಕ್ಕೆ ಹಿಂದಿರುಗಿಸುತ್ತವೆ. ಭಾರತ ಆ ಒಪ್ಪಂದದಲ್ಲಿಲ್ಲ, ಆದರೆ ಮಗು ವಾಸವಿದ್ದ ದೇಶದ ನ್ಯಾಯಾಲಯ ತನ್ನ ಆದೇಶ ಹೊರಡಿಸುವುದನ್ನು ಅದು ತಡೆಯುವುದಿಲ್ಲ.

ಆದ್ದರಿಂದ ಮಕ್ಕಳಿರುವವನು ಮನೆ ಬಿಡುವ ಮೊದಲು, ಜೀವಾಪಾಯ ಇಲ್ಲದಿದ್ದರೆ, ಕುಟುಂಬ ಕಾನೂನು ತಿಳಿದ ವಕೀಲರನ್ನು ಒಮ್ಮೆಯಾದರೂ ಕಾಣುವುದು ಒಳ್ಳೆಯದು. ಜೀವಾಪಾಯವಿದ್ದು ತಕ್ಷಣ ಹೊರಟಿದ್ದರೆ, ಹೊರಟ ಕೂಡಲೇ ಕಾರಣವನ್ನು ಪೊಲೀಸರಿಗೋ ನ್ಯಾಯಾಲಯಕ್ಕೋ ಲಿಖಿತವಾಗಿ ತಿಳಿಸಿ ತಾತ್ಕಾಲಿಕ ಸುಪರ್ದಿಯ ಆದೇಶ ಕೇಳಬೇಕು. ತಡಮಾಡಿದಷ್ಟೂ ಅವನ ಮೌನಕ್ಕೆ ಬೇರೆ ಅರ್ಥ ಬರುತ್ತದೆ.

ಮಗುವಿಗೆ ಏಟು ಬಿದ್ದಿಲ್ಲ ಎಂಬ ಕಾರಣಕ್ಕೆ ಅದು ಸುರಕ್ಷಿತವಾಗಿದೆ ಎಂದುಕೊಳ್ಳುವುದು ಸಾಮಾನ್ಯ. ಬ್ರಿಟನ್ನಿನ 2021ರ ಕಾಯ್ದೆ ಈ ತಿಳಿವಳಿಕೆಯನ್ನು ತಳ್ಳಿಹಾಕಿದೆ: ಪೋಷಕರ ಮೇಲಿನ ಹಿಂಸೆಯನ್ನು ಕಂಡ, ಕೇಳಿದ, ಅದರ ಪರಿಣಾಮವನ್ನು ಅನುಭವಿಸಿದ ಮಗುವೂ ಸ್ವತಃ ಸಂತ್ರಸ್ತ ಎಂದು ಅದು ಹೇಳುತ್ತದೆ. ಶಾಲೆಯ ಶಿಕ್ಷಕರಿಗೆ ಮನೆಯ ಪರಿಸ್ಥಿತಿಯನ್ನು ತಿಳಿಸಿಟ್ಟರೆ ಮಗುವಿನ ಬದಲಾವಣೆಗಳನ್ನು ಅವರು ಗಮನಿಸುತ್ತಾರೆ. ಮುಂದೆ ಸುಪರ್ದಿಯ ವಿಚಾರಣೆಯಲ್ಲಿ ಇಬ್ಬರ ಪಕ್ಷಕ್ಕೂ ಸೇರದ ಅವರ ಹೇಳಿಕೆಗೆ ಬೆಲೆಯಿರುತ್ತದೆ. ಆದರೆ ಮಗುವಿನಿಂದಲೇ ತಾಯಿಯ ವಿರುದ್ಧ ಹೇಳಿಕೆ ಧ್ವನಿಮುದ್ರಿಸಿಕೊಳ್ಳುವ ಸಾಹಸಕ್ಕೆ ಇಳಿಯಬಾರದು. ಅದು ಮಗುವಿಗೆ ಹಿಂಸೆ, ನ್ಯಾಯಾಧೀಶರಿಗೆ ಅನುಮಾನ.

ದಾಖಲೆ ಮತ್ತು ಮೊಬೈಲ್

ದಿನಾಂಕ, ವೇಳೆ, ನಡೆದದ್ದು, ಕಂಡವರು, ಚಿಕಿತ್ಸೆ ಎಂಬಿಷ್ಟನ್ನು ಅಂದಂದೇ ಚಿಕ್ಕದಾಗಿ ಬರೆದಿಟ್ಟ ಟಿಪ್ಪಣಿ, ವರ್ಷದ ನಂತರ ನೆನಪಿನಿಂದ ಬರೆದ ಹತ್ತು ಪುಟಗಳಿಗಿಂತ ಹೆಚ್ಚು ನಂಬಿಕೆಗೆ ಅರ್ಹವಾಗುತ್ತದೆ. ‘ಅವಳು ಕೆಟ್ಟವಳು’ ಎಂದು ಬರೆದರೆ ಅದು ದಾಖಲೆಯಾಗುವುದಿಲ್ಲ. ‘ರಾತ್ರಿ ಹನ್ನೊಂದಕ್ಕೆ ಎಡ ಮುಂಗೈ ಮೇಲೆ ಬಿಸಿ ಇಸ್ತ್ರಿ ಪೆಟ್ಟಿಗೆ ಇಟ್ಟಳು, ದೊಡ್ಡ ಮಗಳು ಬಾಗಿಲಲ್ಲಿ ನಿಂತಿದ್ದಳು’ ಎಂದು ಬರೆದರೆ ಆಗುತ್ತದೆ. ಗಾಯದ ಚಿತ್ರ ತೆಗೆಯುವಾಗ ಒಂದು ಹತ್ತಿರದಿಂದ, ಇನ್ನೊಂದು ಮುಖವೂ ಕಾಣುವಂತೆ ದೂರದಿಂದ ಇರಲಿ. ಬೆದರಿಕೆಯ ಸಂದೇಶಗಳನ್ನು ಅಳಿಸಬಾರದು. ಗುಟ್ಟಾಗಿ ಧ್ವನಿಮುದ್ರಣ ಮಾಡುವ ಕುರಿತ ಕಾನೂನು ದೇಶದಿಂದ ದೇಶಕ್ಕೆ, ಅಮೆರಿಕದಲ್ಲಿ ರಾಜ್ಯದಿಂದ ರಾಜ್ಯಕ್ಕೆ ಬದಲಾಗುವುದರಿಂದ ಮೊದಲು ವಕೀಲರನ್ನು ಕೇಳಿಕೊಳ್ಳಬೇಕು.

ಈ ಎಲ್ಲವನ್ನೂ ಸಂಗಾತಿಗೆ ಗುಪ್ತಪದ ಗೊತ್ತಿರುವ ಫೋನಿನಲ್ಲಿ ಇಡುವುದು ಅಪಾಯ. ಹೊಸ ಇಮೇಲ್ ಖಾತೆಯನ್ನು ಕಚೇರಿಯ ಅಥವಾ ಗೆಳೆಯನ ಸಾಧನದಲ್ಲಿ ತೆರೆದು ಅಲ್ಲಿಗೆ ಕಳುಹಿಸಿಡಬಹುದು. ಫೋನಿನ ಸ್ಥಳ ತೋರಿಸುವ ಸೌಲಭ್ಯ, ಕುಟುಂಬದವರು ಹಂಚಿಕೊಂಡ ಖಾತೆ, ಕರೆಗಳ ಪಟ್ಟಿ ಇವನ್ನು ಪರಿಶೀಲಿಸಬೇಕು. ಆದರೆ ಎಲ್ಲವನ್ನೂ ಒಂದೇ ದಿನ ಬಂದ್ ಮಾಡಿದರೆ ಅನುಮಾನ ಹುಟ್ಟುತ್ತದೆ. ಗುರುತಿನ ಚೀಟಿ, ಪಾಸ್‌ಪೋರ್ಟ್, ಮಕ್ಕಳ ಜನನ ಪ್ರಮಾಣಪತ್ರ, ಬ್ಯಾಂಕಿನ ಕಾಗದಗಳ ಪ್ರತಿಗಳನ್ನೂ ಸ್ವಲ್ಪ ನಗದನ್ನೂ ನಂಬಿಕಸ್ಥರ ಮನೆಯಲ್ಲಿ ಇಟ್ಟಿರುವುದು ಅನುಕೂಲ.

ಹತ್ತಿರದವರು ಏನು ಮಾಡಬಹುದು?

ಗಂಡಸರ ಮಟ್ಟಿಗೆ ಮೊದಲ ಸಹಾಯವಾಣಿ ಹೆಚ್ಚಿನ ಸಲ ಒಬ್ಬ ಗೆಳೆಯನೋ ಅಕ್ಕನೋ ಆಗಿರುತ್ತಾರೆ, ಮತ್ತು ಅವರ ಮೊದಲ ಪ್ರತಿಕ್ರಿಯೆ ಮುಂದಿನ ಕರೆ ನಡೆಯುತ್ತದೆಯೋ ಇಲ್ಲವೋ ಎಂಬುದನ್ನು ನಿರ್ಧರಿಸಬಲ್ಲದು. ನಗಬಾರದು, ‘ನಾನು ಅವಳ ಹತ್ತಿರ ಮಾತನಾಡುತ್ತೇನೆ’ ಎಂದು ಹೊರಡಲೂ ಬಾರದು, ಏಕೆಂದರೆ ವಿಷಯ ಹೊರಗೆ ಹೋಗಿದೆಯೆಂದು ತಿಳಿದ ರಾತ್ರಿಯೇ ಅವನಿಗೆ ಹೆಚ್ಚು ಅಪಾಯ. ‘ಬಿಟ್ಟು ಬಾ’ ಎಂದು ಒತ್ತಾಯಿಸುವುದಕ್ಕಿಂತ ತನ್ನ ಫೋನಿನಿಂದ ಸಹಾಯವಾಣಿಗೆ ಕರೆ ಮಾಡಿಕೊಡುವುದು, ಠಾಣೆಗೋ ವಕೀಲರಲ್ಲಿಗೋ ಜೊತೆಯಲ್ಲಿ ಹೋಗುವುದು, ಕಾಗದಪತ್ರಗಳ ಚೀಲವನ್ನು ತನ್ನ ಕಪಾಟಿನಲ್ಲಿಟ್ಟುಕೊಳ್ಳುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಬದುಕುವುದೇ ಬೇಡವೆಂಬ ಮಾತು ಅವನ ಬಾಯಿಂದ ಬಂದರೆ ಅದನ್ನು ಸುಮ್ಮನೆ ಆಡಿದ ಮಾತೆಂದು ತಳ್ಳಿಹಾಕದೆ, ಅವನನ್ನು ಒಂಟಿಯಾಗಿ ಬಿಡದೆ, ಆಗಲೇ ಮಾನಸಿಕ ಆರೋಗ್ಯ ಸಹಾಯವಾಣಿಗೆ ಅಥವಾ ಹತ್ತಿರದ ಆಸ್ಪತ್ರೆಗೆ ಸಂಪರ್ಕ ಕಲ್ಪಿಸಬೇಕು.